ಸತ್ತ ರೋಗಾಣುವಿನ ಸಾಕ್ಷ್ಯ

ಜ್ವರದಿಂದ ನರಳುತ್ತಿರುವ ಮಗುವೊಂದನ್ನು ರಾತ್ರಿಯ ಹೊತ್ತು ಆಸ್ಪತ್ರೆಗೆ ಕರೆತಂದಿದ್ದಾರೆ. ಬೆಳಗ್ಗೆ ಶಾಲೆಗೆ ಹೋಗಿ ಬಂದ ಮಗು ಸಂಜೆ ತಲೆನೋವೆಂದು ಮಲಗಿತು. ಎರಡು ಬಾರಿ ವಾಂತಿಯಾಯಿತು. ಈಗ ಕತ್ತನ್ನು ಮುಂದಕ್ಕೆ ಬಾಗಿಸಲಾರದು. ಕರೆದರೆ ತಡವಾಗಿ ಓಗೊಡುತ್ತದೆ. ವೈದ್ಯರು ಪರೀಕ್ಷಿಸಿ, ಮೆನಿಂಜೈಟಿಸ್ ಇರಬಹುದೆಂದು ಶಂಕಿಸಿ, ರಕ್ತದ ಮಾದರಿಯನ್ನು ತೆಗೆದ ಕೂಡಲೇ ಆಂಟಿಬಯೋಟಿಕ್ ಚುಚ್ಚುಮದ್ದು ಕೊಡುವಂತೆ ದಾದಿಗೆ ಹೇಳುತ್ತಾರೆ. ಆಗ ಹೆತ್ತವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ರೋಗ ಯಾವುದೆಂದು ಖಚಿತವಾಗುವ ಮೊದಲೇ ಮದ್ದು ಕೊಟ್ಟರೆ ರೋಗಾಣು ಸತ್ತುಹೋಗಿ ಪರೀಕ್ಷೆಯೇ ಕೆಡುವುದಿಲ್ಲವೇ?

ಈ ಪ್ರಶ್ನೆ ಅವಿವೇಕದ್ದಲ್ಲ. ಬಹುಕಾಲ ವೈದ್ಯರನ್ನೂ ಕಾಡಿದ ಪ್ರಶ್ನೆಯೇ ಇದು. ರೋಗಾಣು ಯಾವುದು, ಯಾವ ಮದ್ದು ಅದನ್ನು ಕೊಲ್ಲುತ್ತದೆ, ಯಾವ ಮದ್ದಿಗೆ ಅದು ಜಗ್ಗುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ರೋಗಾಣು ಜೀವಂತವಾಗಿಯೇ ಪ್ರಯೋಗಾಲಯವನ್ನು ಸೇರಬೇಕಾಗಿತ್ತು. ಈಗ ಆ ಕಟ್ಟುಪಾಡು ಸಡಿಲವಾಗಿದೆ. ರೋಗಾಣು ಸತ್ತರೂ ಅದರ ವಂಶವಾಹಿಗಳು, ಎಂದರೆ ಜೀನ್‌ಗಳು, ಕೆಲಕಾಲ ಉಳಿದಿರುತ್ತವೆ. ಅವನ್ನು ಓದಿ ಔಷಧ ನಿರೋಧಕತೆಯನ್ನು ಗುರುತಿಸುವ ಪರೀಕ್ಷೆಗಳು ಬಂದಿವೆ. ಆ ಪರೀಕ್ಷೆಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಅರಿತ ಕುಟುಂಬವು ಆಸ್ಪತ್ರೆಯ ಮೊದಲ ಗಂಟೆಯಲ್ಲಿ ವೈದ್ಯರಿಗೆ ನಿಜವಾದ ನೆರವು ನೀಡಬಲ್ಲುದು.

ಹೊತ್ತು ಕಾಯದ ರೋಗ

ಮಿದುಳನ್ನೂ ಬೆನ್ನುಹುರಿಯನ್ನೂ ಮೂರು ಪೊರೆಗಳು ಸುತ್ತುವರಿದಿವೆ. ಅವುಗಳ ನಡುವೆ ತಿಳಿನೀರಿನಂತಹ ದ್ರವವೊಂದು ಹರಿದಾಡುತ್ತಿರುತ್ತದೆ. ವಯಸ್ಕರಲ್ಲಿ ಅದರ ಪ್ರಮಾಣ ಸುಮಾರು 150 ಮಿಲಿಲೀಟರ್. ಈ ಪೊರೆಗಳಿಗೆ ತಗಲುವ ಉರಿಯೂತವೇ ಮೆನಿಂಜೈಟಿಸ್. ಆಡುಮಾತಿನಲ್ಲಿ ಮಿದುಳುಜ್ವರ ಎಂಬ ಒಂದೇ ಹೆಸರು ಹಲವು ರೋಗಗಳಿಗೆ ಸಲ್ಲುತ್ತದೆ. ವೈರಸ್‌ನಿಂದ ಬರುವುದೂ ಉಂಟು, ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಸುದ್ದಿಯಾಗಿರುವಂತೆ ಅಮೀಬಾದಿಂದ ಬರುವುದೂ ಉಂಟು. ಇಲ್ಲಿ ಪ್ರಸ್ತಾಪಿಸಿರುವುದು ಬ್ಯಾಕ್ಟೀರಿಯಾಗಳಿಂದ ಬರುವ ಮೆನಿಂಜೈಟಿಸಿನ ವಿಷಯವನ್ನು ಮಾತ್ರ.

ಅಂತಹ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದವು ಮೂರು: ಮೆನಿಂಗೊಕಾಕಸ್, ನ್ಯೂಮೊಕಾಕಸ್ ಮತ್ತು ಹಿಮೊಫಿಲಸ್ ಇನ್‌ಫ್ಲುಯೆಂಜೆ. ಈ ಮೂರೂ ಆರೋಗ್ಯವಂತರ ಮೂಗು ಗಂಟಲುಗಳಲ್ಲಿ ಯಾವ ಉಪದ್ರವವನ್ನೂ ಕೊಡದೆ ನೆಲೆಸಿರಬಲ್ಲವು. ಅಪರೂಪಕ್ಕೆ ಒಮ್ಮೆ ಅವು ರಕ್ತವನ್ನು ಹೊಕ್ಕು ಮಿದುಳಿನ ಪೊರೆಯನ್ನು ಮುಟ್ಟಿದಾಗ ರೋಗ ಉಂಟಾಗುತ್ತದೆ. ನವಜಾತ ಶಿಶುಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಕಾರಣವಾಗುತ್ತವೆ. ಇವುಗಳ ಜೊತೆಗೆ, ನಿಧಾನವಾಗಿ ಹಬ್ಬುವ ಕ್ಷಯದ ಮೆನಿಂಜೈಟಿಸ್ ಭಾರತದಲ್ಲಿ ಇಂದಿಗೂ ದೊಡ್ಡ ಚಿಂತೆಯಾಗಿದೆ.

ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ತಗಲಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು ಸಾಯುತ್ತಾರೆ, ಐವರಲ್ಲಿ ಒಬ್ಬರಿಗೆ ಗಂಭೀರ ತೊಡಕುಗಳು ಉಂಟಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವುಡುತನ, ಅಪಸ್ಮಾರ, ಕಲಿಕೆಯ ತೊಂದರೆ ಅಂತಹ ತೊಡಕುಗಳು. ಆದುದರಿಂದ ಮೊದಲ ಮದ್ದು ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುವಂತಿಲ್ಲ. ಹಲವು ಬಗೆಯ ರೋಗಾಣುಗಳನ್ನು ಒಟ್ಟಿಗೆ ಎದುರಿಸಬಲ್ಲ ಸೆಫ್ಟ್ರಿಯಾಕ್ಸೋನ್‌ನಂತಹ ಚುಚ್ಚುಮದ್ದನ್ನು ವೈದ್ಯರು ಮೊದಲು ಆರಂಭಿಸುತ್ತಾರೆ. ಫಲಿತಾಂಶ ಬಂದ ಬಳಿಕ ಅದನ್ನು ಮುಂದುವರಿಸುತ್ತಾರೆ, ಇಲ್ಲವೆ ಬದಲಾಯಿಸುತ್ತಾರೆ.

ಬೆಳೆಸಿ ನೋಡುವ ಕ್ರಮ

ಮೆನಿಂಗೊಕಾಕಸ್ ಬ್ಯಾಕ್ಟೀರಿಯಾವನ್ನು ರೋಗಿಗಳ ಮಿದುಳುದ್ರವದಲ್ಲಿ ಮೊದಲು ಗುರುತಿಸಿದವನು ವಿಯೆನ್ನಾದ ಆಂಟನ್ ವೈಕ್ಸೆಲ್‌ಬಾಮ್, 1887ರಲ್ಲಿ. ಸೊಂಟದ ಬಳಿ ಬೆನ್ನೆಲುಬಿನ ಸಂದಿಗೆ ಸೂಜಿ ಹಾಕಿ ಈ ದ್ರವವನ್ನು ತೆಗೆಯುವ ವಿಧಾನವನ್ನು ಜರ್ಮನಿಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ಪ್ರಕಟಿಸಿದನು. ಜನರು ಬೆನ್ನಿನ ನೀರು ತೆಗೆಯುವುದು ಎಂದು ಅಂಜಿಕೆಯಿಂದ ಹೇಳುವ ಪರೀಕ್ಷೆ ಅದೇ. ಸೂಜಿ ಹೋಗುವ ಸ್ಥಳ ಬೆನ್ನುಹುರಿ ಮುಗಿದ ಬಳಿಕ, ಇನ್ನೂ ಕೆಳಗಿರುತ್ತದೆ. ಆದುದರಿಂದ ಹುರಿಗೆ ಪೆಟ್ಟಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಹೀಗೆ ತೆಗೆದ ದ್ರವವನ್ನು ಪೋಷಕಾಂಶಗಳಿರುವ ತಟ್ಟೆಯ ಮೇಲೆ ಹರಡಿ ಬೆಚ್ಚಗಿಟ್ಟರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದನ್ನೇ ಆಸ್ಪತ್ರೆಗಳಲ್ಲಿ ಕಲ್ಚರ್ ಎನ್ನುವುದು. ಬೆಳೆದ ಬ್ಯಾಕ್ಟೀರಿಯಾದ ನಡುವೆ ಬೇರೆ ಬೇರೆ ಆಂಟಿಬಯೋಟಿಕ್ ಸವರಿದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಬೆಳೆ ನಿಂತು ಖಾಲಿ ವರ್ತುಲ ಮೂಡುತ್ತದೆಯೋ ಆ ಮದ್ದು ಫಲಕಾರಿ. ಯಾವ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆಯುತ್ತದೆಯೋ ಆ ಮದ್ದು ನಿಷ್ಫಲ. ಸರಳವೂ ನಂಬಲರ್ಹವೂ ಆದ ಕ್ರಮ ಇದು. ಆದರೆ ಬ್ಯಾಕ್ಟೀರಿಯಾ ಬೆಳೆಯಲು ಒಂದೆರಡು ದಿನ, ಬಿಲ್ಲೆಯ ಪರೀಕ್ಷೆಗೆ ಮತ್ತೊಂದು ದಿನ ಬೇಕು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆಂಟಿಬಯೋಟಿಕ್ ರಕ್ತನಾಳಕ್ಕೆ ಸೇರಿದ ಎರಡು ಗಂಟೆಗಳೊಳಗೆ ಮಿದುಳುದ್ರವದಲ್ಲಿ ಒಂದೂ ಜೀವಂತ ಮೆನಿಂಗೊಕಾಕಸ್ ಸಿಗದಂತಾಗಬಹುದು. ನ್ಯೂಮೊಕಾಕಸ್ ಇನ್ನು ಕೆಲವು ಗಂಟೆಗಳ ಕಾಲ ಉಳಿಯಬಹುದು. ರೋಗಿಯ ದೃಷ್ಟಿಯಿಂದ ಇದು ಶುಭವಾರ್ತೆ. ಪ್ರಯೋಗಾಲಯದ ದೃಷ್ಟಿಯಿಂದ ತಟ್ಟೆ ಬರಿದು. ಮಗುವಿಗೆ ಮೊದಲೇ ಮನೆಯಲ್ಲಿಯೋ ಊರಿನ ಚಿಕಿತ್ಸಾಲಯದಲ್ಲಿಯೋ ಒಂದೆರಡು ಮಾತ್ರೆ ಕೊಟ್ಟಿದ್ದರೂ ಇದೇ ಪರಿಸ್ಥಿತಿ ಬರಬಹುದು. ಆಗ ರೋಗಾಣುವಿನ ಹೆಸರೂ ತಿಳಿಯದು, ಅದರ ನಿರೋಧಕ ಶಕ್ತಿಯೂ ತಿಳಿಯದು.

ಸತ್ತದ್ದು ಬದುಕಿದ್ದಕ್ಕೆ ಕೊಟ್ಟ ಕೊಡುಗೆ

ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯ ಮೊದಲ ಸುಳಿವು ಸಿಕ್ಕಿದ್ದು ಮೆನಿಂಜೈಟಿಸಿನ ಕಾರಣಕರ್ತರಲ್ಲಿ ಒಂದಾದ ನ್ಯೂಮೊಕಾಕಸಿನಿಂದಲೇ. 1928ರಲ್ಲಿ ಬ್ರಿಟನ್ನಿನ ಫ್ರೆಡ್ರಿಕ್ ಗ್ರಿಫಿತ್ ಪ್ರಕಟಿಸಿದ ಪ್ರಯೋಗವನ್ನು ಜೀವಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅವನು ಕಾಯಿಸಿ ಕೊಂದ ಮಾರಕ ನ್ಯೂಮೊಕಾಕಸನ್ನು ನಿರುಪದ್ರವಿಯಾದ ಜೀವಂತ ನ್ಯೂಮೊಕಾಕಸಿನೊಡನೆ ಬೆರೆಸಿ ಇಲಿಗಳಿಗೆ ಚುಚ್ಚಿದನು. ಇಲಿಗಳು ಸತ್ತವು, ಅವುಗಳ ರಕ್ತದಲ್ಲಿ ಜೀವಂತವಾದ ಮಾರಕ ಬ್ಯಾಕ್ಟೀರಿಯಾ ಕಂಡಿತು. ಸತ್ತ ಬ್ಯಾಕ್ಟೀರಿಯಾದ ಗುಣ ಬದುಕಿದ್ದಕ್ಕೆ ದಾಟಿತ್ತು. ಹೀಗೆ ದಾಟಿದ ವಸ್ತು ಡಿಎನ್‌ಎ ಎಂದು 1944ರಲ್ಲಿ ನ್ಯೂಯಾರ್ಕಿನ ಆಸ್ವಾಲ್ಡ್ ಏವರಿ, ಕಾಲಿನ್ ಮೆಕ್ಲಿಯಾಡ್, ಮೆಕ್ಲಿನ್ ಮೆಕಾರ್ಟಿ ತೋರಿಸಿಕೊಟ್ಟರು.

ಪಠ್ಯಪುಸ್ತಕದಲ್ಲಿ ಇದು ಡಿಎನ್‌ಎಯ ಕಥೆಯಾಗಿ ಮುಗಿಯುತ್ತದೆ. ರೋಗಿಯ ಹಾಸಿಗೆಯ ಬಳಿ ಇದೇ ಕಥೆಗೆ ಎರಡು ಅರ್ಥಗಳಿವೆ. ಒಂದನೆಯದು, ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಅದರ ಡಿಎನ್‌ಎ ಅಳಿಯುವುದಿಲ್ಲ. ಹುಡುಕುವ ಉಪಾಯ ತಿಳಿದವರಿಗೆ ಅದು ಸಿಗುತ್ತದೆ. ಎರಡನೆಯದು, ಬ್ಯಾಕ್ಟೀರಿಯಾಗಳು ಡಿಎನ್‌ಎಯ ತುಣುಕುಗಳನ್ನು ಪರಿಸರದಿಂದ ಎತ್ತಿಕೊಂಡು ತಮ್ಮದಾಗಿಸಿಕೊಳ್ಳಬಲ್ಲವು. ಮೆನಿಂಗೊಕಾಕಸ್, ನ್ಯೂಮೊಕಾಕಸ್, ಹಿಮೊಫಿಲಸ್ ಮೂರಕ್ಕೂ ಈ ಶಕ್ತಿಯಿದೆ. ಗಂಟಲಿನಲ್ಲಿ ಒಟ್ಟಿಗೆ ಬಾಳುವ ನೂರಾರು ಬಗೆಯ ಬ್ಯಾಕ್ಟೀರಿಯಾಗಳಲ್ಲಿ ಒಂದು ಕಲಿತ ನಿರೋಧಕ ವಿದ್ಯೆ ಇನ್ನೊಂದಕ್ಕೆ ದಾಟುವುದು ಹೀಗೆಯೇ.

ಒಂದಕ್ಷರದ ವ್ಯತ್ಯಾಸ

ಮೆನಿಂಗೊಕಾಕಸ್ ಮದ್ದುಗಳಿಗೆ ಜಗ್ಗದಾದ ಚರಿತ್ರೆ ಸಲ್ಫಾ ಔಷಧಗಳಿಂದ ಆರಂಭವಾಗುತ್ತದೆ. 1930ರ ದಶಕದ ಕೊನೆಯಲ್ಲಿ ಬಂದ ಈ ಔಷಧಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಪಾಳೆಯಗಳಲ್ಲಿ ಮೆನಿಂಜೈಟಿಸನ್ನು ಹತೋಟಿಗೆ ತಂದವು. ರೋಗವಿಲ್ಲದ ಸೈನಿಕರಿಗೂ ಮುನ್ನೆಚ್ಚರಿಕೆಗಾಗಿ ಅವನ್ನು ಕೊಡುವುದು ವಾಡಿಕೆಯಾಯಿತು. 1963ರಲ್ಲಿ ಕ್ಯಾಲಿಫೋರ್ನಿಯಾದ ಸೈನಿಕ ತರಬೇತಿ ಶಿಬಿರಗಳಲ್ಲಿ ಸಲ್ಫಾಕ್ಕೆ ಬಗ್ಗದ ಮೆನಿಂಗೊಕಾಕಸ್ ಕಾಣಿಸಿಕೊಂಡಿತು. ಆ ಮದ್ದಿನ ಕಾಲ ಮುಗಿಯಿತು.

ಪೆನಿಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುತ್ತದೆ. 1980ರ ದಶಕದಿಂದ ಪೆನಿಸಿಲಿನ್ನಿಗೆ ಅಷ್ಟಾಗಿ ಬಗ್ಗದ ಮೆನಿಂಗೊಕಾಕಸ್‌ಗಳು ಕಾಣತೊಡಗಿದವು. ಅವುಗಳಲ್ಲಿ ಆ ಪ್ರೋಟೀನಿನ ಜೀನ್ ತೇಪೆ ಹಾಕಿದ ಬಟ್ಟೆಯಂತೆ ಇತ್ತು. ತೇಪೆಗಳು ಗಂಟಲಿನ ಇತರ, ನಿರುಪದ್ರವಿ ನೈಸೀರಿಯಾ ಬ್ಯಾಕ್ಟೀರಿಯಾಗಳಿಂದ ಬಂದವು. ಗ್ರಿಫಿತ್ ಇಲಿಗಳಲ್ಲಿ ಕಂಡದ್ದು ಮನುಷ್ಯರ ಗಂಟಲಲ್ಲಿ ನಡೆದಿತ್ತು.

ಸಿಪ್ರೊಫ್ಲಾಕ್ಸಾಸಿನ್ ಎಂಬ ಮಾತ್ರೆಯ ಕಥೆ ಇನ್ನೂ ಸ್ಪಷ್ಟ. ರೋಗಿಯೊಡನೆ ಒಂದೇ ಮನೆಯಲ್ಲಿದ್ದವರಿಗೆ ಮೆನಿಂಗೊಕಾಕಸ್ ಹರಡದಂತೆ ತಡೆಯಲು ಈ ಮಾತ್ರೆಯ ಒಂದೇ ಡೋಸ್ ಸಾಕಾಗುತ್ತಿತ್ತು. ಅದು ಕೆಲಸ ಮಾಡುವ ಬಗೆಯನ್ನು ತೆಂಗಿನ ನಾರಿನ ಹಗ್ಗದ ಉದಾಹರಣೆಯಿಂದ ತಿಳಿಯಬಹುದು. ಹುರಿಗೊಳಿಸಿದ ಹಗ್ಗದ ಎರಡು ಎಳೆಗಳನ್ನು ಒಂದು ತುದಿಯಿಂದ ಬಿಡಿಸುತ್ತ ಹೋದರೆ ಮುಂದಿನ ಭಾಗ ಇನ್ನಷ್ಟು ಬಿಗಿಯಾಗಿ ಗಂಟಾಗುತ್ತದೆ. ಡಿಎನ್‌ಎ ನಕಲಾಗುವಾಗಲೂ ಹೀಗೆಯೇ. ಆ ಬಿಗಿತವನ್ನು ಸಡಿಲಿಸಲು ಬ್ಯಾಕ್ಟೀರಿಯಾದಲ್ಲಿ ಗೈರೇಸ್ ಎಂಬ ಕಿಣ್ವವಿದೆ. ಸಿಪ್ರೊಫ್ಲಾಕ್ಸಾಸಿನ್ ಆ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ನಕಲು ಕೆಲಸ ಕೆಟ್ಟು ಬ್ಯಾಕ್ಟೀರಿಯಾ ಸಾಯುತ್ತದೆ. ಈ ಕಿಣ್ವದ ಒಂದು ಭಾಗವನ್ನು ತಯಾರಿಸುವ ಜೀನಿನ ಹೆಸರು ಗೈರ್-ಎ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಕಿಣ್ವದ 91ನೆಯ ಸ್ಥಾನದಲ್ಲಿರುವ ಥ್ರಿಯೊನಿನ್ ಎಂಬ ಘಟಕದ ಬದಲು ಐಸೊಲ್ಯೂಸಿನ್ ಬಂದು ಕೂರುತ್ತದೆ. ಅಷ್ಟರಿಂದಲೇ ಮದ್ದಿನ ಹಿಡಿತ ತಪ್ಪುತ್ತದೆ. ಮೆನಿಂಗೊಕಾಕಸಿನ ಇಡೀ ಡಿಎನ್‌ಎಯಲ್ಲಿ ಸುಮಾರು 22 ಲಕ್ಷ ಅಕ್ಷರಗಳಿವೆ. ಅವುಗಳಲ್ಲಿ ಒಂದರ ವ್ಯತ್ಯಾಸದಿಂದ ಒಂದು ಮದ್ದು ಕೈಬಿಡುತ್ತದೆ.

ಭಾರತಕ್ಕೆ ಇದು ದೂರದ ಸಂಗತಿಯಲ್ಲ. 2005ರಲ್ಲಿ ದೆಹಲಿಯಲ್ಲಿ ಎ ಗುಂಪಿನ ಮೆನಿಂಗೊಕಾಕಸ್ ಸಾಂಕ್ರಾಮಿಕವಾಗಿ ಹಬ್ಬಿದಾಗ ರೋಗಿಗಳಿಂದ ದೊರೆತ ಬ್ಯಾಕ್ಟೀರಿಯಾಗಳು ಸಿಪ್ರೊಫ್ಲಾಕ್ಸಾಸಿನ್ನಿಗೆ ಬಗ್ಗದವಾಗಿದ್ದವು. ಅವುಗಳ ಜೀನನ್ನು ಓದಿದಾಗ ಕಂಡದ್ದು 91ನೆಯ ಸ್ಥಾನದ ಇದೇ ಬದಲಾವಣೆ. ಸಂಪರ್ಕದಲ್ಲಿದ್ದವರಿಗೆ ಯಾವ ಮಾತ್ರೆ ಕೊಡಬೇಕೆಂಬ ನಿರ್ಧಾರವನ್ನು ಇಂತಹ ಒಂದು ಫಲಿತಾಂಶ ಬದಲಿಸಬಲ್ಲುದು.

ಎರಡು ವರ್ಷಗಳ ನಂತರ ಅಮೆರಿಕದಲ್ಲಿ ಮಿನೆಸೋಟ ಮತ್ತು ಉತ್ತರ ಡಕೋಟ ರಾಜ್ಯಗಳ ಗಡಿಭಾಗದಲ್ಲಿ 2007ರ ಜನವರಿಯಿಂದ 2008ರ ಜನವರಿಯೊಳಗೆ ಸಿಪ್ರೊಫ್ಲಾಕ್ಸಾಸಿನ್ನಿಗೆ ಬಗ್ಗದ ಮೂರು ಪ್ರಕರಣಗಳು ಕಂಡುಬಂದವು. ಅಲ್ಲಿಯೂ ಗೈರ್-ಎ ಜೀನಿನಲ್ಲಿ ಅದೇ ಬದಲಾವಣೆ. ಆ ಜೀನಿನ ತುಣುಕು ನೈಸೀರಿಯಾ ಲ್ಯಾಕ್ಟಾಮಿಕಾ ಎಂಬ ನೆರೆಯ ಬ್ಯಾಕ್ಟೀರಿಯಾದಿಂದ ಬಂದಿರಬೇಕೆಂದು ಸಂಶೋಧಕರು ಕಂಡುಕೊಂಡರು. ಈ ಲ್ಯಾಕ್ಟಾಮಿಕಾ ಎಳೆಯ ಮಕ್ಕಳ ಗಂಟಲಲ್ಲಿ ಸಾಮಾನ್ಯವಾಗಿ ಇರುವ, ರೋಗ ತರದ ಜೀವಿ. ರೋಗಾಣು ಆ ಮದ್ದನ್ನು ಎದುರಿಸಿ ಕಲಿಯಬೇಕಾಗಿಯೇ ಇರಲಿಲ್ಲ. ನೆರೆಯವನಿಂದ ಎರವಲು ಪಡೆದರೆ ಸಾಕಾಗಿತ್ತು.

2020ರಲ್ಲಿ ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ ಇನ್ನೂ ಗಂಭೀರವಾದ ಸಂಗತಿಯನ್ನು ವರದಿ ಮಾಡಿತು. ಸಂಗ್ರಹಿಸಿಟ್ಟ ಮೆನಿಂಗೊಕಾಕಸ್‌ಗಳ ಡಿಎನ್‌ಎಯನ್ನು ಓದಿದಾಗ ವೈ ಗುಂಪಿನ 33 ಮಾದರಿಗಳಲ್ಲಿ ಪೆನಿಸಿಲಿನ್ನನ್ನೇ ಕತ್ತರಿಸುವ ಕಿಣ್ವದ ಜೀನ್ ಇತ್ತು. ಮೊದಲು ಹಿಮೊಫಿಲಸ್ ಜಾತಿಯ ಬ್ಯಾಕ್ಟೀರಿಯಾಗಳಲ್ಲಿ ಪರಿಚಿತವಾಗಿದ್ದ ಜೀನ್ ಅದು. ಆ 33ರಲ್ಲಿ 11 ಮಾದರಿಗಳಲ್ಲಿ ಗೈರ್-ಎ ಬದಲಾವಣೆಯೂ ಇತ್ತು. ಎಂದರೆ ಪೆನಿಸಿಲಿನ್, ಸಿಪ್ರೊಫ್ಲಾಕ್ಸಾಸಿನ್ ಎರಡೂ ಅವುಗಳ ಮುಂದೆ ನಿಷ್ಫಲ. ಸೆಫ್ಟ್ರಿಯಾಕ್ಸೋನ್ ಮಾತ್ರ ಅವುಗಳ ಮೇಲೂ ಕೆಲಸ ಮಾಡುತ್ತಿತ್ತು. 2024ರಲ್ಲಿ ಅದೇ ಕೇಂದ್ರ ಒಂದು ಸೂತ್ರವನ್ನು ಕೊಟ್ಟಿತು: ಒಂದು ಪ್ರದೇಶದಲ್ಲಿ ಹನ್ನೆರಡು ತಿಂಗಳ ಅವಧಿಯಲ್ಲಿ ಸಿಪ್ರೊಫ್ಲಾಕ್ಸಾಸಿನ್ನಿಗೆ ಬಗ್ಗದ ಪ್ರಕರಣಗಳು ಕನಿಷ್ಠ ಎರಡು ಇದ್ದು, ಅವು ಒಟ್ಟು ಪ್ರಕರಣಗಳಲ್ಲಿ ಶೇಕಡ 20ನ್ನು ಮುಟ್ಟಿದರೆ, ಸಂಪರ್ಕದಲ್ಲಿದ್ದವರಿಗೆ ಆ ಮಾತ್ರೆಯನ್ನು ಬಿಟ್ಟು ರಿಫಾಂಪಿಸಿನ್, ಸೆಫ್ಟ್ರಿಯಾಕ್ಸೋನ್ ಅಥವಾ ಅಜಿಥ್ರೊಮೈಸಿನ್ ಕೊಡಬೇಕು.

ಜೀನ್ ಓದುವ ಬಗೆ

ಮಿದುಳುದ್ರವದ ಒಂದು ಹನಿಯಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಇರುವುದು ಅತ್ಯಲ್ಪ ಪ್ರಮಾಣದಲ್ಲಿ. ಅದನ್ನು ಕಾಣುವಷ್ಟು ಹೆಚ್ಚಿಸುವ ವಿಧಾನವೇ ಕೊರೋನಾ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಪಿಸಿಆರ್. 1983ರಲ್ಲಿ ಇದನ್ನು ರೂಪಿಸಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಬೇಕಾದ ಜೀನಿನ ತುಣುಕನ್ನು ಮಾತ್ರ ಆರಿಸಿ, ಕಾಯಿಸುತ್ತ ತಣಿಸುತ್ತ, ಪ್ರತಿ ಸುತ್ತಿನಲ್ಲಿ ಎರಡು ಪಟ್ಟು ಮಾಡುವುದು ಇದರ ಕ್ರಮ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತುಗಳ ಹೊತ್ತಿಗೆ ಒಂದು ತುಣುಕು ನೂರು ಕೋಟಿಯನ್ನು ದಾಟುತ್ತದೆ.

ಮೊದಲು ಮೆನಿಂಗೊಕಾಕಸಿಗೆ ಮಾತ್ರ ವಿಶಿಷ್ಟವಾದ ಜೀನನ್ನು ಹುಡುಕಿ ರೋಗಾಣುವಿನ ಗುರುತನ್ನು ಹಿಡಿಯುತ್ತಾರೆ. ಬಳಿಕ ಗೈರ್-ಎ ಮೊದಲಾದ ಜೀನ್‌ಗಳ ಆಯ್ದ ಭಾಗವನ್ನು ಹೆಚ್ಚಿಸಿ, ಅಲ್ಲಿ ಯಾವ ಅಕ್ಷರವಿದೆಯೆಂದು ನೋಡುತ್ತಾರೆ. ದಿನಗಟ್ಟಲೆ ಕಾಯಬೇಕಾದ ಉತ್ತರ ಕೆಲವು ಗಂಟೆಗಳಲ್ಲಿ ಸಿಗಬಹುದು. ತಟ್ಟೆಯಲ್ಲಿ ಏನೂ ಬೆಳೆಯದಿದ್ದರೂ ಸಿಗಬಹುದು. ಗಂಟಲಿನ ಮಾದರಿಯಲ್ಲಿ ನಿರೋಧಕ ಜೀನ್ ಕಂಡರೆ ಅದು ಯಾವ ಬ್ಯಾಕ್ಟೀರಿಯಾದ್ದೆಂಬ ಸಂದೇಹ ಉಳಿಯುತ್ತದೆ. ಮಿದುಳುದ್ರವ ಸಹಜವಾಗಿ ಬ್ಯಾಕ್ಟೀರಿಯಾಗಳೇ ಇಲ್ಲದ ಜಾಗವಾದುದರಿಂದ ಅಲ್ಲಿ ಸಿಕ್ಕಿದ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಕ್ಷಯದ ವಿಷಯದಲ್ಲಿ ಇದೇ ತತ್ತ್ವ ಈಗಾಗಲೇ ಜಿಲ್ಲಾ ಮಟ್ಟದ ಆಸ್ಪತ್ರೆಗಳವರೆಗೆ ಬಂದಿದೆ. ಕ್ಷಯದ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯಲು ವಾರಗಳೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಯಂತ್ರ, ಭಾರತದ ಆಸ್ಪತ್ರೆಗಳಲ್ಲಿ ಸಿಬಿನಾಟ್ ಎಂದು ಕರೆಯುವ ಪರೀಕ್ಷೆ, ಸುಮಾರು ಎರಡು ಗಂಟೆಗಳಲ್ಲಿ ಕ್ಷಯದ ಡಿಎನ್‌ಎಯನ್ನು ಗುರುತಿಸಿ, ಜೊತೆಗೆ ಒಂದು ಜೀನಿನ 81 ಅಕ್ಷರಗಳ ಭಾಗವನ್ನು ನೋಡಿ ರಿಫಾಂಪಿಸಿನ್ ಫಲಿಸುತ್ತದೆಯೇ ಇಲ್ಲವೇ ಎಂದು ಹೇಳುತ್ತದೆ. ಮಿದುಳುದ್ರವದಲ್ಲಿ ಕ್ಷಯವನ್ನು ಹುಡುಕಲು ಸಹ ಇದನ್ನು ಬಳಸುತ್ತಾರೆ. ಗೋವಾದ ಮೊಲ್‌ಬಯೋ ಸಂಸ್ಥೆ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದೊಡನೆ ರೂಪಿಸಿದ, ಬ್ಯಾಟರಿಯಿಂದಲೂ ನಡೆಯುವ ಟ್ರೂನಾಟ್ ಯಂತ್ರಕ್ಕೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು. ವಿದ್ಯುತ್ತು ಆಗಾಗ ಕೈಕೊಡುವ ಊರುಗಳಲ್ಲಿಯೂ ಕ್ಷಯದ ಜೀನನ್ನು ಓದಲು ಇದರಿಂದ ಸಾಧ್ಯವಾಗಿದೆ.

ಸಾಕ್ಷಿಯ ಮಿತಿ

ಇಷ್ಟಾದರೂ ಈ ಪರೀಕ್ಷೆಗಳನ್ನು ಸರ್ವಜ್ಞವೆಂದು ತಿಳಿಯುವುದು ತಪ್ಪು. ಮೊದಲನೆಯದಾಗಿ, ಜೀನ್ ಪರೀಕ್ಷೆ ತಾನು ಹುಡುಕಿದ್ದನ್ನು ಮಾತ್ರ ಕಾಣಬಲ್ಲುದು. ಪರಿಚಿತವಾದ ಬದಲಾವಣೆ ಇಲ್ಲವೆಂದು ಅದು ಹೇಳಿದರೆ, ಹೊಸದೊಂದು ಬದಲಾವಣೆ ಇಲ್ಲವೆಂದು ಅರ್ಥವಲ್ಲ. ತಟ್ಟೆಯ ಮೇಲಿನ ಬಿಲ್ಲೆ ಕಾರಣವನ್ನು ಕೇಳುವುದಿಲ್ಲ. ಬ್ಯಾಕ್ಟೀರಿಯಾ ಬದುಕಿತೋ ಸತ್ತಿತೋ ಎಂಬುದನ್ನಷ್ಟೇ ತೋರಿಸುತ್ತದೆ. ಹೊಸ ನಿರೋಧಕತೆ ಮೊದಲು ಬಯಲಾಗುವುದು ಅಲ್ಲಿಯೇ. ಆದುದರಿಂದ ಕಲ್ಚರ್ ಹಳೆಯದಾದರೂ ಅದನ್ನು ಕೈಬಿಡಲಾಗದು. ಎರಡು ಪರೀಕ್ಷೆಗಳೂ ಜೊತೆಯಾಗಿ ನಡೆಯಬೇಕು.

ಎರಡನೆಯದಾಗಿ, ಕೆಲವು ಜೀನ್‌ಗಳು ಇದ್ದರೂ ಕೆಲಸ ಮಾಡದೆ ಸುಮ್ಮನಿರುತ್ತವೆ. ಮೂರನೆಯದಾಗಿ, ಮಾದರಿಯಲ್ಲಿ ಡಿಎನ್‌ಎ ತೀರ ಕಡಿಮೆಯಿದ್ದರೆ ಪರೀಕ್ಷೆ ಏನನ್ನೂ ಕಾಣದಿರಬಹುದು. ಕ್ಷಯದ ಮೆನಿಂಜೈಟಿಸಿನಲ್ಲಿ ಇದು ವಿಶೇಷವಾಗಿ ನಿಜ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ವೈದ್ಯರು ಚಿಕಿತ್ಸೆಯನ್ನು ನಿಲ್ಲಿಸುವುದಿಲ್ಲ. ನಾಲ್ಕನೆಯದಾಗಿ, ಮಿದುಳುದ್ರವದಲ್ಲಿ ಹಲವು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ದುಬಾರಿ ಪರೀಕ್ಷೆಗಳು ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತವೆಯಾದರೂ ಅವುಗಳಲ್ಲಿ ಹೆಚ್ಚಿನವು ರೋಗಾಣುವಿನ ಹೆಸರನ್ನು ಹೇಳುತ್ತವೆಯೇ ಹೊರತು ಅದರ ನಿರೋಧಕತೆಯನ್ನಲ್ಲ. ಗೈರ್-ಎ ಮುಂತಾದ ಜೀನ್‌ಗಳನ್ನು ಓದುವ ಕೆಲಸ ನಡೆಯುವುದು ಸಾಮಾನ್ಯವಾಗಿ ವಿಶೇಷ ಪ್ರಯೋಗಾಲಯಗಳಲ್ಲಿ. ಆ ಫಲಿತಾಂಶದಿಂದ ಪ್ರಯೋಜನ ಪಡೆಯುವುದು ಒಬ್ಬ ರೋಗಿ ಮಾತ್ರವಲ್ಲ. ಅವನ ಮನೆಯವರು, ನೆರೆಹೊರೆಯವರು, ಮುಂದೆ ಅದೇ ರೋಗಕ್ಕೆ ತುತ್ತಾಗಬಹುದಾದವರು.

ಮನೆಯವರ ಪಾಲಿನ ಕೆಲಸ

ಹೆತ್ತವರ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯುತ್ತದೆ. ತುರ್ತಾಗಿ ಕೊಡುವ ಚುಚ್ಚುಮದ್ದನ್ನು ಪರೀಕ್ಷೆಯ ನೆಪದಿಂದ ತಡೆಯಬಾರದು. ಬೆನ್ನಿನ ನೀರನ್ನು ಕೆಲವು ಗಂಟೆಗಳ ನಂತರ ತೆಗೆದರೂ ಅದರಲ್ಲಿ ಸತ್ತ ರೋಗಾಣುವಿನ ಗುರುತು ಸಿಗುವ ಸಾಧ್ಯತೆಯಿದೆ. ಹಾಗೆಯೇ ಆ ನೀರನ್ನು ತೆಗೆಯಲು ಒಪ್ಪಿಗೆ ಕೊಡದಿದ್ದರೆ ಸಾಕ್ಷಿಯೇ ಇಲ್ಲದ ವಿಚಾರಣೆ ನಡೆಸಿದಂತಾಗುತ್ತದೆ. ಚಿಕಿತ್ಸೆ ಊಹೆಯ ಮೇಲೆ ನಡೆಯಬೇಕಾಗುತ್ತದೆ.

ಕಾಸರಗೋಡಿನ ಕಡೆಯ ಕನ್ನಡ ಕುಟುಂಬಗಳಿಗೆ ಇದರಲ್ಲಿ ಒಂದು ವಿಶೇಷವಾದ ಮಾತಿದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಹೆಚ್ಚಿನ ಚಿಕಿತ್ಸೆಗೆಂದು ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು ಬಹಳ. ಊರಿನಲ್ಲಿ ಒಬ್ಬ ವೈದ್ಯರು, ಪೇಟೆಯಲ್ಲಿ ಇನ್ನೊಬ್ಬರು, ಮಂಗಳೂರಿನಲ್ಲಿ ಮೂರನೆಯವರು ನೋಡುವಷ್ಟರಲ್ಲಿ ಮೊದಲು ಕೊಟ್ಟ ಮದ್ದಿನ ಹೆಸರು ಕಳೆದುಹೋಗುತ್ತದೆ. ಕಲ್ಚರ್ ತಟ್ಟೆ ಬರಿದಾಗಿ ಕಂಡಾಗ ಅದರ ಅರ್ಥ ರೋಗವಿಲ್ಲವೆಂದೋ, ಇಲ್ಲವೆ ಹಿಂದಿನ ದಿನದ ಮಾತ್ರೆ ರೋಗಾಣುವನ್ನು ಅರ್ಧ ಕೊಂದಿದೆಯೆಂದೋ ವೈದ್ಯರಿಗೆ ತಿಳಿಯುವುದು ಆ ಹೆಸರಿನಿಂದಲೇ. ಮಾತ್ರೆಯ ಪಟ್ಟಿ, ಸಿರಪ್ಪಿನ ಬಾಟಲಿ, ವೈದ್ಯರ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಜೊತೆಗೆ ಒಯ್ಯಬೇಕು. ಎಷ್ಟು ಹೊತ್ತಿಗೆ ಎಷ್ಟು ಡೋಸ್ ಕೊಟ್ಟದ್ದೆಂದು ಬರೆದಿಡಬೇಕು. ಮದ್ದಿನಂಗಡಿಯಿಂದ ಚೀಟಿಯಿಲ್ಲದೆ ತಂದು ಕೊಟ್ಟಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಬೇಕು. ಬೈಗುಳದ ಭಯದಿಂದ ಮುಚ್ಚಿಟ್ಟ ಒಂದು ಮಾತು ಮಗುವಿನ ಚಿಕಿತ್ಸೆಯ ದಿಕ್ಕನ್ನೇ ತಪ್ಪಿಸಬಹುದು.

ಲಕ್ಷಣಗಳ ವಿಷಯದಲ್ಲಿ ತಡಮಾಡುವಂತಿಲ್ಲ. ಜ್ವರದೊಡನೆ ತೀವ್ರ ತಲೆನೋವು, ವಾಂತಿ, ಕತ್ತಿನ ಬಿಗಿತ, ಬೆಳಕನ್ನು ನೋಡಲಾಗದಿರುವುದು, ಮಂಪರು ಅಥವಾ ಗೊಂದಲ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಸುಳೆಗಳಲ್ಲಿ ಕತ್ತಿನ ಬಿಗಿತ ಕಾಣದಿರಬಹುದು. ಹಾಲು ಕುಡಿಯದಿರುವುದು, ಸಮಾಧಾನವಾಗದ ಅಳು, ನೆತ್ತಿಯ ಮೆತ್ತನೆಯ ಭಾಗ ಉಬ್ಬಿರುವುದು ಅವರಲ್ಲಿ ಎಚ್ಚರಿಕೆಯ ಗುರುತುಗಳು. ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು ಮೆನಿಂಗೊಕಾಕಸಿನ ಸೂಚನೆಯಾಗಿರಬಹುದು. ಕಪ್ಪು ಮೈಬಣ್ಣದವರಲ್ಲಿ ಅವನ್ನು ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗದಲ್ಲಿ ನೋಡಬೇಕು.

ಶಾಲೆಯಲ್ಲಿ ಒಂದು ಮಗುವಿಗೆ ಮೆನಿಂಜೈಟಿಸ್ ಬಂದಿದೆಯೆಂಬ ಸುದ್ದಿ ಹಬ್ಬಿದಾಗ ಮದ್ದಿನಂಗಡಿಗೆ ಓಡುವುದು ಪರಿಹಾರವಲ್ಲ. ಮುನ್ನೆಚ್ಚರಿಕೆಯ ಮಾತ್ರೆ ಎಲ್ಲ ಬಗೆಯ ಮೆನಿಂಜೈಟಿಸಿಗೂ ಇರುವುದಲ್ಲ. ಮೆನಿಂಗೊಕಾಕಸ್ ಎಂದು ತಿಳಿದಾಗ, ರೋಗಿಯೊಡನೆ ಒಂದೇ ಮನೆಯಲ್ಲಿ ವಾಸಿಸಿದವರಿಗೆ ಮತ್ತು ಅಷ್ಟೇ ನಿಕಟವಾಗಿದ್ದವರಿಗೆ ಅದು ಬೇಕಾಗುತ್ತದೆ. ಯಾರಿಗೆ ಕೊಡಬೇಕು, ಯಾವುದನ್ನು ಕೊಡಬೇಕು ಎಂಬುದನ್ನು ಆರೋಗ್ಯಾಧಿಕಾರಿಗಳು ನಿರ್ಧರಿಸಬೇಕು. ದೆಹಲಿ, ಮಿನೆಸೋಟಗಳ ಅನುಭವ ಹೇಳುವಂತೆ, ತಪ್ಪು ಮಾತ್ರೆಯನ್ನು ನುಂಗಿ ನಿಶ್ಚಿಂತರಾಗಿರುವುದು ನುಂಗದೆ ಎಚ್ಚರವಾಗಿರುವುದಕ್ಕಿಂತ ಅಪಾಯಕರ.

ರೋಗ ಬಾರದಂತೆ ತಡೆಯುವ ದಾರಿಯೂ ಇದೆ. ಹಿಮೊಫಿಲಸ್ ಬಿ ವಿರುದ್ಧದ ಲಸಿಕೆಯನ್ನು ಒಳಗೊಂಡ ಪೆಂಟಾವೇಲೆಂಟ್ ಚುಚ್ಚುಮದ್ದು 2011ರ ಡಿಸೆಂಬರಿನಲ್ಲಿ ಭಾರತದಲ್ಲಿ ಮೊದಲು ಆರಂಭವಾದದ್ದು ಕೇರಳ ಮತ್ತು ತಮಿಳುನಾಡುಗಳಲ್ಲಿ. ಅದನ್ನು ಮಗುವಿಗೆ 6, 10, 14 ವಾರಗಳಲ್ಲಿ ಕೊಡುತ್ತಾರೆ. ನ್ಯೂಮೊಕಾಕಸ್ ಲಸಿಕೆ ದೇಶದಲ್ಲಿ 2017ರಿಂದ ಹಂತಹಂತವಾಗಿ ಬಂದು 2021ರಲ್ಲಿ ಎಲ್ಲೆಡೆ ವಿಸ್ತರಿಸಿತು. 6 ವಾರ, 14 ವಾರ ಮತ್ತು 9 ತಿಂಗಳಿಗೆ ಅದನ್ನು ಹಾಕಿಸಬೇಕು. ಇವೆರಡೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಲಸಿಕೆಯಿಂದ ತಡೆದ ರೋಗಾಣು ಯಾವ ಮದ್ದಿಗೆ ಬಗ್ಗುತ್ತದೆಂಬ ಪ್ರಶ್ನೆಯೇ ಏಳುವುದಿಲ್ಲ.

ಕೊನೆಯ ಮಾತು ಮನೆಯ ಕಪಾಟಿನಲ್ಲಿ ಉಳಿದ ಮಾತ್ರೆಗಳ ಬಗ್ಗೆ. ಆಂಟಿಬಯೋಟಿಕ್‌ಗಳ ನಿರೋಧಕತೆಯನ್ನು ತಡೆಯಲು 2018ರಲ್ಲಿ ತನ್ನದೇ ಕ್ರಿಯಾಯೋಜನೆಯನ್ನು ರೂಪಿಸಿದ ಮೊದಲ ರಾಜ್ಯ ಕೇರಳ. ಚೀಟಿಯಿಲ್ಲದೆ ಅವನ್ನು ಮಾರಬಾರದೆಂಬ ನಿಯಮವೂ ಇದೆ. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆ ಅದರ ಗುರುತು. ಆದರೂ ನೆಗಡಿಗೆಂದು, ಗಂಟಲುನೋವಿಗೆಂದು ಕಳೆದ ಬಾರಿಯ ಉಳಿಕೆಯನ್ನು ಮಗುವಿಗೆ ಕೊಡುವ ಅಭ್ಯಾಸ ಹಲವು ಮನೆಗಳಲ್ಲಿ ಉಳಿದಿದೆ. ವೈರಸ್‌ನಿಂದ ಬಂದ ನೆಗಡಿಗೆ ಆ ಮಾತ್ರೆಯಿಂದ ಯಾವ ಲಾಭವೂ ಇಲ್ಲ. ನಷ್ಟವಾಗುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಮಗುವಿನ ಗಂಟಲಲ್ಲಿ ಸಾಧುವಾಗಿ ನೆಲೆಸಿದ್ದ ಬ್ಯಾಕ್ಟೀರಿಯಾಗಳಲ್ಲಿ ಮದ್ದಿಗೆ ಬಗ್ಗದವು ಮಾತ್ರ ಉಳಿದು ಹೆಚ್ಚುತ್ತವೆ. ಅವು ಯಾವ ರೋಗವನ್ನೂ ತರುವುದಿಲ್ಲ. ಆದರೆ ಎಂದೋ ಒಂದು ದಿನ ಅದೇ ಗಂಟಲಿಗೆ ಬಂದಿಳಿಯುವ ಮೆನಿಂಗೊಕಾಕಸಿಗೆ ತಾವು ಕಲಿತ ಒಂದಕ್ಷರವನ್ನು ಕೊಟ್ಟುಬಿಡುತ್ತವೆ. ಆ ರೋಗಾಣು ಅದೇ ಮಗುವಿಗೆ ಕೇಡು ಮಾಡಬೇಕೆಂದಿಲ್ಲ. ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಇನ್ನೊಂದು ಮಗುವನ್ನು ಸೇರಬಹುದು. ಆ ಅಕ್ಷರವನ್ನು ಪ್ರಯೋಗಾಲಯದ ಯಂತ್ರ ಮುಂದೊಂದು ದಿನ ಓದಿ ಹೇಳೀತು. ಅದು ಬರೆದುಹೋಗದಂತೆ ನೋಡಿಕೊಳ್ಳುವ ಅವಕಾಶ ಮಾತ್ರ ಅದಕ್ಕಿಂತ ಬಹಳ ಮೊದಲು, ಮನೆಯಲ್ಲಿಯೇ ಇರುತ್ತದೆ.